ಚಿಕ್ಕ ಚೆಸ್ ಬೋರ್ಡಿಗೆ ಯಾವ ಅಳತೆಯ ಕಾಯಿ? ಕೊಳ್ಳುವ ಮುಂಚೆ ಸ್ಕೇಲ್ ಹಿಡಿಯಿರಿ

ನಮ್ಮ ಮನೆಯಲ್ಲಿ ಅಜ್ಜನ ಕಾಲದ ಒಂದು ಮರದ ಚೆಸ್ ಬೋರ್ಡ್ ಇದೆ. ಮಧ್ಯಕ್ಕೆ ಮಡಚಿದರೆ ಡಬ್ಬಿಯಾಗುತ್ತದೆ, ಕಾಯಿಗಳು ಒಳಗೆ. ಡಬ್ಬಿ ಗಟ್ಟಿಯಾಗಿಯೇ ಉಳಿಯಿತು, ಕಾಯಿಗಳು ಮಾತ್ರ ಒಂದೊಂದಾಗಿ ಕಳೆದುಹೋದವು. ಕೊನೆಕೊನೆಗೆ ಕಪ್ಪು ಆನೆಯ ಜಾಗದಲ್ಲಿ ಹೊಲಿಗೆ ದಾರದ ಉರುಳೆ, ಸಿಪಾಯಿಯ ಜಾಗದಲ್ಲಿ ಪೆನ್ನಿನ ಕ್ಯಾಪು ಇಟ್ಟು ಆಡುತ್ತಿದ್ದೆವು. ಹೋದ ಬೇಸಿಗೆ ರಜೆಯಲ್ಲಿ ಮಗಳಿಗೆ ಚೆಸ್ ಹುಚ್ಚು ಹತ್ತಿತು. ಸರಿ, ಹೊಸ ಕಾಯಿ ತರಿಸೋಣ ಅಂತ ಆನ್‌ಲೈನ್‌ನಲ್ಲಿ ಹುಡುಕಿ, ‘ಟೂರ್ನಮೆಂಟ್ ಸೈಜ್, ರಾಜ 3.75 ಇಂಚು’ ಅಂತ ಬರೆದಿದ್ದನ್ನು ಆರ್ಡರ್ ಮಾಡಿದೆ.

ಕಾಯಿಗಳು ಬಂದವು. ಒಳ್ಳೆ ತೂಕ, ಒಳ್ಳೆ ಹೊಳಪು. ಬೋರ್ಡಿನ ಮೇಲೆ ಜೋಡಿಸಲು ಹೋದರೆ ಮದುವೆ ಮನೆಯ ಮೊದಲ ಪಂಕ್ತಿಯಲ್ಲಿ ಜನ ಭುಜಕ್ಕೆ ಭುಜ ತಾಗಿಸಿ ಕೂತ ಹಾಗಾಯಿತು. ರಾಜನನ್ನು ಅವನ ಮನೆಯ ನಡುವೆ ನಿಲ್ಲಿಸಿದರೆ ರಾಣಿಗೆ ಜಾಗವೇ ಇಲ್ಲ. ಸ್ಕೇಲ್ ತಂದು ಅಳೆದೆ. ರಾಜನ ಬುಡ 44 ಮಿಲಿಮೀಟರ್, ಬೋರ್ಡಿನ ಒಂದು ಮನೆ 34 ಮಿಲಿಮೀಟರ್. ಆರ್ಡರ್ ಮಾಡುವ ಮುಂಚೆ ಎರಡು ನಿಮಿಷ ಇದೇ ಕೆಲಸ ಮಾಡಿದ್ದರೆ ಆಗುತ್ತಿತ್ತು. ನಾನು ನೋಡಿದ್ದು ರಾಜನ ಎತ್ತರ, ನೋಡಬೇಕಾಗಿದ್ದು ಬುಡ.

ಆಮೇಲೆ ಕೂತು ಸರಿಯಾಗಿ ಲೆಕ್ಕ ಹಾಕಿ, ಅಳೆದು, ಇನ್ನೊಂದು ಸೆಟ್ ತಂದೆ. ಆ ಲೆಕ್ಕವನ್ನೇ ಇಲ್ಲಿ ಬರೆದಿದ್ದೇನೆ. ಮನೆಯಲ್ಲಿ 10, 12, 14 ಇಂಚಿನ ಚಿಕ್ಕ ಬೋರ್ಡ್ ಇದ್ದು ಕಾಯಿ ಹುಡುಕುತ್ತಿದ್ದರೆ ಉಪಯೋಗಕ್ಕೆ ಬರಬಹುದು.

ಮೊದಲು ಒಂದು ಮನೆಯ ಅಳತೆ

ಅಂಗಡಿಯಲ್ಲಿ ‘12 ಇಂಚಿನ ಬೋರ್ಡ್’ ಅಂದರೆ ಅದು ಚೌಕಟ್ಟನ್ನೂ ಸೇರಿಸಿದ ಹೊರ ಅಳತೆ. ಕಾಯಿ ನಿಲ್ಲುವುದು ಚೌಕಟ್ಟಿನ ಮೇಲಲ್ಲ. ಆದ್ದರಿಂದ ಆ 12 ಇಂಚನ್ನು 8ರಿಂದ ಭಾಗಿಸಿ ಒಂದೂವರೆ ಇಂಚು ಅಂದುಕೊಳ್ಳಬೇಡಿ. ನಮ್ಮ ಬೋರ್ಡಿನದೇ ಲೆಕ್ಕ ನೋಡಿ: ಹೊರಗೆ 30.5 ಸೆಂಟಿಮೀಟರ್, ಎರಡೂ ಕಡೆ ಒಂದೂವರೆ ಸೆಂಟಿಮೀಟರ್ ಅಂಚು. ಅದನ್ನು ಕಳೆದರೆ ಆಟದ ಜಾಗ 27.5. ಎಂಟರಿಂದ ಭಾಗಿಸಿದರೆ 34 ಮಿಲಿಮೀಟರ್ ಚಿಲ್ಲರೆ. ಒಂದೂವರೆ ಇಂಚು ಅಂದರೆ 38. ನಾಲ್ಕು ಮಿಲಿಮೀಟರ್ ವ್ಯತ್ಯಾಸ ಕೇಳಲು ಏನೂ ಅಲ್ಲ ಅನ್ನಿಸುತ್ತದೆ, ಚಿಕ್ಕ ಬೋರ್ಡಿನಲ್ಲಿ ಅದು ಬೆರಳು ಹೋಗುತ್ತದೋ ಇಲ್ಲವೋ ಅನ್ನುವ ವ್ಯತ್ಯಾಸ.

ಒಂದೇ ಮನೆ ಅಳೆಯಲು ಹೋದರೆ ಅರ್ಧ ಮಿಲಿಮೀಟರ್ ಆಚೀಚೆ ಆಗೇ ಆಗುತ್ತದೆ. ಮೊದಲ ಮನೆಯ ಅಂಚಿನಿಂದ ಎಂಟನೇ ಮನೆಯ ಅಂಚಿನ ತನಕ ಅಳೆದು 8ರಿಂದ ಭಾಗಿಸಿ. ಮಡಚುವ ಬೋರ್ಡಾದರೆ ಕೀಲು ಇರುವ ಗೆರೆಯನ್ನು ಬಿಟ್ಟು ಒಂದೇ ಹಲಗೆಯ ನಾಲ್ಕು ಮನೆ ಅಳೆದು 4ರಿಂದ ಭಾಗಿಸಿ, ಯಾಕಂದರೆ ಹಳೇ ಬೋರ್ಡುಗಳಲ್ಲಿ ಆ ಗೆರೆ ಸ್ವಲ್ಪ ಬಾಯಿ ಬಿಟ್ಟಿರುತ್ತದೆ. ಇನ್ನೊಂದು ವಿಷಯ, ಮಕ್ಕಳ ಜಾಮೆಟ್ರಿ ಬಾಕ್ಸಿನ ಸ್ಕೇಲಿನಲ್ಲಿ ಸೊನ್ನೆ ಗೆರೆ ತುದಿಯಲ್ಲೇ ಇರುವುದಿಲ್ಲ, ಸ್ವಲ್ಪ ಒಳಗಿರುತ್ತದೆ. ತುದಿಯಿಂದ ಅಳೆದು ಆಮೇಲೆ ತಲೆ ಕೆರೆದುಕೊಂಡವನು ನಾನೇ.

ಆಮೇಲೆ ರಾಜನ ಬುಡ

ಹದಿನಾರು ಕಾಯಿಗಳಲ್ಲಿ ಸಾಮಾನ್ಯವಾಗಿ ಎಲ್ಲಕ್ಕಿಂತ ಅಗಲ ಬುಡ ರಾಜನದು. ಅವನು ಹಿಡಿದರೆ ಉಳಿದವರೂ ಹಿಡಿಯುತ್ತಾರೆ. ಆಡುವವರು ಬಳಸುವ ಲೆಕ್ಕ ಸುಲಭ: ರಾಜನ ಬುಡ ಮನೆಯ ಅಗಲದ ಮುಕ್ಕಾಲು ಭಾಗ ಇರಬೇಕು, ಅಂದರೆ 75 ಪರ್ಸೆಂಟ್ ಆಸುಪಾಸು. ಅಮೆರಿಕದ ಚೆಸ್ ಸಂಸ್ಥೆಯ ಲೆಕ್ಕದಲ್ಲಿ ಇದು 78ರ ಹತ್ತಿರ. ತಿರುಗಿಸಿ ಹೇಳಬೇಕೆಂದರೆ, ಕಾಯಿ ಮೊದಲೇ ಇದ್ದು ಬೋರ್ಡ್ ಹುಡುಕುತ್ತಿದ್ದರೆ ಬುಡದ ಅಳತೆಯನ್ನು 1.3ರಿಂದ ಗುಣಿಸಿ. 44 ಮಿಲಿಮೀಟರ್ ಬುಡಕ್ಕೆ 57 ಮಿಲಿಮೀಟರ್ ಮನೆ. ಟೂರ್ನಮೆಂಟ್‌ಗಳಲ್ಲಿ ಸುರುಳಿ ಸುತ್ತಿ ತರುವ ಆ ಹಸಿರು ಬಿಳಿ ಬೋರ್ಡುಗಳಲ್ಲಿ ಮನೆ ಹೆಚ್ಚುಕಡಿಮೆ ಇಷ್ಟೇ.

ದುಂಡಗಿನ ಬುಡವನ್ನು ಸ್ಕೇಲಿನಿಂದ ನೇರ ಅಳೆಯುವುದು ಕಷ್ಟ. ಎರಡು ಬೆಂಕಿಪೊಟ್ಟಣ ತೆಗೆದುಕೊಳ್ಳಿ, ರಾಜನನ್ನು ಮಧ್ಯೆ ನಿಲ್ಲಿಸಿ ಎರಡೂ ಕಡೆಯಿಂದ ಒತ್ತಿ ಹಿಡಿಯಿರಿ, ಪೊಟ್ಟಣಗಳ ನಡುವಿನ ಅಂತರ ಅಳೆಯಿರಿ. ಅಷ್ಟೇ. ಇಲ್ಲವಾದರೆ ಬುಡಕ್ಕೆ ದಾರ ಒಂದು ಸುತ್ತು ಸುತ್ತಿ, ಆ ಉದ್ದವನ್ನು 3.14ರಿಂದ ಭಾಗಿಸಿ. ಶಾಲೆಯಲ್ಲಿ ಕಲಿತ ಪೈ ಯಾವತ್ತಾದರೂ ಕೆಲಸಕ್ಕೆ ಬಂತಲ್ಲ ಅಂತ ನನಗೆ ಖುಷಿಯಾಯಿತು.

ಎತ್ತರ ಯಾಕೆ ಸಾಕಾಗಲ್ಲ ಅಂದರೆ, ಒಂದೇ ಎತ್ತರದ ಇಬ್ಬರು ರಾಜರಿಗೆ ಬೇರೆ ಬೇರೆ ಬುಡ ಇರಬಹುದು. ಅಂತಾರಾಷ್ಟ್ರೀಯ ಚೆಸ್ ಒಕ್ಕೂಟ, ಅಂದರೆ ಫಿಡೆ, ದೊಡ್ಡ ಪಂದ್ಯಗಳಿಗೆ ಶಿಫಾರಸು ಮಾಡುವ ರಾಜನ ಎತ್ತರ 9.5 ಸೆಂಟಿಮೀಟರ್. ಬುಡದ ಅಗಲ ಎತ್ತರದ 40ರಿಂದ 50 ಪರ್ಸೆಂಟ್ ಇರಬೇಕು ಅನ್ನುತ್ತದೆ. ಹಾಗಾದರೆ ಅದೇ ಎತ್ತರದ ರಾಜನ ಬುಡ 38 ಮಿಲಿಮೀಟರೂ ಇರಬಹುದು, 47 ಮಿಲಿಮೀಟರೂ ಇರಬಹುದು. ಎರಡೂ ನಿಯಮದೊಳಗೇ ಇವೆ. ಆದರೆ ಒಬ್ಬನಿಗೆ 50 ಮಿಲಿಮೀಟರ್ ಮನೆ ಸಾಕು, ಇನ್ನೊಬ್ಬನಿಗೆ 60 ಬೇಕು.

ಬೆರಳಿನ ಮಾತು

ನನ್ನ ಪ್ರಕಾರ ಚಿಕ್ಕ ಬೋರ್ಡಿನ ವಿಷಯದಲ್ಲಿ ಮುಕ್ಕಾಲು ಭಾಗದ ಲೆಕ್ಕವನ್ನು ಕಣ್ಣುಮುಚ್ಚಿ ನಂಬಬಾರದು. ಬೋರ್ಡ್ ಚಿಕ್ಕದಾಗುತ್ತದೆ, ಕಾಯಿ ಚಿಕ್ಕದಾಗುತ್ತದೆ, ಆಡುವವರ ಬೆರಳು ಚಿಕ್ಕದಾಗುವುದಿಲ್ಲ ಅಲ್ವಾ?

57 ಮಿಲಿಮೀಟರ್ ಮನೆಯಲ್ಲಿ 44ರ ಬುಡ ಇದ್ದರೆ, ಅಕ್ಕಪಕ್ಕ ನಿಂತ ರಾಜ ರಾಣಿಯರ ಬುಡಗಳ ನಡುವೆ 13 ಮಿಲಿಮೀಟರಿಗಿಂತ ಜಾಸ್ತಿಯೇ ಸಿಗುತ್ತದೆ, ಯಾಕಂದರೆ ರಾಣಿಯ ಬುಡ ಇನ್ನೂ ಸ್ವಲ್ಪ ಕಿರಿದು. ಅದೇ ಅನುಪಾತದಲ್ಲಿ 34ರ ಮನೆಗೆ 26ರ ಬುಡ ಇಟ್ಟರೆ ಉಳಿಯುವುದು 8 ಮಿಲಿಮೀಟರ್. ಇನ್ನೂ ಕೆಳಗೆ, 25ರ ಮನೆಗೆ 19ರ ಬುಡ ಇಟ್ಟರೆ 6. ನೋಡಲು ಮೂರೂ ಒಂದೇ ಥರ ಚೆಂದ, ಫೋಟೋದಲ್ಲಿ ವ್ಯತ್ಯಾಸವೇ ಗೊತ್ತಾಗಲ್ಲ. ಕೈ ಹಾಕಿದಾಗ ಗೊತ್ತಾಗುತ್ತದೆ. ಒಂದು ಕುದುರೆ ಎತ್ತಲು ಹೋಗಿ ಒಂಟೆಯನ್ನು ಉರುಳಿಸಿ, ‘ಇದು ಯಾವ ಮನೆಯಲ್ಲಿತ್ತು?’ ಅಂತ ಜಗಳ ಶುರು.

ಆದ್ದರಿಂದ ಮನೆ 40 ಮಿಲಿಮೀಟರಿಗಿಂತ ಚಿಕ್ಕದಾಗಿದ್ದರೆ ನಾನು 70 ಪರ್ಸೆಂಟ್ ಕಡೆಗೇ ವಾಲುತ್ತೇನೆ, 75 ದಾಟಲು ಬಿಡುವುದಿಲ್ಲ. ಬೋರ್ಡ್ ಸ್ವಲ್ಪ ಖಾಲಿ ಖಾಲಿ ಕಂಡರೂ ಪರವಾಗಿಲ್ಲ. ತೀರಾ 60ಕ್ಕೆ ಇಳಿದರೆ ಮಾತ್ರ ಮೈದಾನದಲ್ಲಿ ಹುಡುಗರು ಚದುರಿ ನಿಂತ ಹಾಗೆ ಕಾಣುತ್ತದೆ, ಯಾವ ಒಂಟೆ ಯಾವ ಕರ್ಣದಲ್ಲಿದೆ ಅಂತ ಕಣ್ಣಿಗೆ ಬೇಗ ಹಿಡಿಯುವುದಿಲ್ಲ. ಚೌಕಾಬಾರದಲ್ಲಾದರೆ ಹುಣಸೆಬೀಜ, ಬಳೆಚೂರು, ಕವಡೆ ಏನಿಟ್ಟರೂ ನಡೆಯುತ್ತದೆ, ಒಂದೇ ಮನೆಯಲ್ಲಿ ಎರಡು ಕಾಯಿ ಕೂತರೂ ಕೂತವು. ಚೆಸ್‌ನಲ್ಲಿ ಯಾರು ಎಲ್ಲಿದ್ದಾರೆ ಅನ್ನುವುದೇ ಆಟ.

ಈ ಲೆಕ್ಕದಲ್ಲಿ ನಾನು ಮಾಡಿಟ್ಟುಕೊಂಡ ಚೀಟಿ ಹೀಗಿದೆ. ಎಲ್ಲ ಮಿಲಿಮೀಟರ್‌ನಲ್ಲಿ, ಎತ್ತರ ಸುಮಾರಿಗೆ:

ಮನೆ 25 ಇದ್ದರೆ ರಾಜನ ಬುಡ 17–19, ಎತ್ತರ 40.
ಮನೆ 30 ಇದ್ದರೆ ಬುಡ 21–22, ಎತ್ತರ 50. ಅಂಗಡಿಯ ಭಾಷೆಯಲ್ಲಿ 2 ಇಂಚಿನ ರಾಜ.
ಮನೆ 35 ಇದ್ದರೆ ಬುಡ 24–26, ಎತ್ತರ 55ರಿಂದ 62.
ಮನೆ 40 ಇದ್ದರೆ ಬುಡ 28–30, ಎತ್ತರ 65ರಿಂದ 70.
ಮನೆ 45 ಇದ್ದರೆ ಬುಡ 32–35, ಎತ್ತರ 75. ಇದು 3 ಇಂಚಿನ ರಾಜ.
ಮನೆ 50 ಇದ್ದರೆ ಬುಡ 36–39, ಎತ್ತರ 85. ಇಲ್ಲಿಂದ ಮೇಲೆ ಚಿಕ್ಕ ಬೋರ್ಡ್ ಅನ್ನುವ ಮಾತೇ ಇಲ್ಲ, ಫಿಡೆಯ ಶಿಫಾರಸೇ 50ರಿಂದ 60 ಮಿಲಿಮೀಟರ್ ಮನೆ.

ಸಿಪಾಯಿಗಳ ಪರೀಕ್ಷೆ

ರಾಜ ಪಾಸಾದ ಮೇಲೆ ಸಿಪಾಯಿಯನ್ನು ಕರೆಯಿರಿ. ಒಂದು ಮನೆಯೊಳಗೆ ನಾಲ್ಕು ಸಿಪಾಯಿಗಳನ್ನು ಎರಡೆರಡು ಸಾಲಾಗಿ ನಿಲ್ಲಿಸಿ. ಗೆರೆ ದಾಟದೆ ಹಿಡಿದರೆ ಸರಿ. ಇದು ಹಳೇ ಅಭ್ಯಾಸ ಅಂತ ತಳ್ಳಿಹಾಕಬೇಡಿ, ಮನೆಯ ಅಗಲ ಸಿಪಾಯಿಯ ಬುಡದ ಕನಿಷ್ಠ ಎರಡರಷ್ಟು ಇರಲಿ ಅಂತ ಫಿಡೆಯೇ ಹೇಳುತ್ತದೆ. ಅದೇ ಮಾತು.

ಚಿಕ್ಕ ಸೆಟ್‌ಗಳಲ್ಲಿ ಈ ಪರೀಕ್ಷೆ ಮುಖ್ಯ. ಅಗ್ಗದ ಪ್ಲಾಸ್ಟಿಕ್ ಸೆಟ್‌ಗಳಲ್ಲಿ ರಾಜ ತೆಳ್ಳಗಿದ್ದು ಸಿಪಾಯಿ ಮಾತ್ರ ಗುಂಡಗೆ ಪಡ್ಡಿನ ಥರ ಇರುವುದನ್ನು ನೋಡಿದ್ದೇನೆ. ರಾಜನ ಲೆಕ್ಕದಲ್ಲಿ ಪಾಸು, ಆಟದಲ್ಲಿ ಫೇಲು, ಯಾಕಂದರೆ ಹದಿನಾರು ಸಿಪಾಯಿಗಳಿವೆ, ಬೋರ್ಡ್ ತುಂಬಿಸುವವರು ಅವರೇ. ಕುದುರೆಯ ಮೂತಿಯನ್ನೂ ಒಮ್ಮೆ ನೋಡಿ. ಕೆಲವು ಸೆಟ್‌ಗಳಲ್ಲಿ ಅದು ಬುಡಕ್ಕಿಂತ ಆಚೆ ಚಾಚಿರುತ್ತದೆ, ಮುಂದಿನ ಮನೆಯ ಸಿಪಾಯಿಯ ತಲೆಗೆ ತಾಗುತ್ತದೆ. ಕುದುರೆಯನ್ನು ಓರೆಯಾಗಿ ನಿಲ್ಲಿಸಿ ಸುಧಾರಿಸಬಹುದು ಬಿಡಿ.

ಎತ್ತರ ಮತ್ತು ತೂಕ

ಬುಡ ಸರಿ ಇದ್ದು ಕಾಯಿ ತೀರಾ ಉದ್ದ ಇದ್ದರೆ ಬೀಳುತ್ತದೆ. ಚಿಕ್ಕ ಬುಡ, ಉದ್ದ ಮೈ, ಒಳಗೆ ತೂಕವೂ ಇಲ್ಲ ಅಂದರೆ ಫ್ಯಾನ್ ಗಾಳಿಗೂ ಅಲುಗಾಡುತ್ತದೆ. ಇದು ಇವತ್ತಿನ ತೊಂದರೆಯೇನಲ್ಲ. ಈಗ ನಾವೆಲ್ಲ ಬಳಸುವ ಸ್ಟಾಂಟನ್ ಮಾದರಿಯ ಕಾಯಿಗಳು ಮಾರುಕಟ್ಟೆಗೆ ಬಂದದ್ದು 1849ರಲ್ಲಿ, ಲಂಡನ್ನಿನ ಜೇಕ್ಸ್ ಕಂಪನಿಯಿಂದ. ಮಾದರಿಯನ್ನು ನೋಂದಾಯಿಸಿದವರು ನಥಾನಿಯಲ್ ಕುಕ್, ಹೆಸರು ಕೊಟ್ಟವರು ಆ ಕಾಲದ ದೊಡ್ಡ ಆಟಗಾರ ಹೋವರ್ಡ್ ಸ್ಟಾಂಟನ್. ಅದಕ್ಕೂ ಮುಂಚೆ ಇಂಗ್ಲೆಂಡಿನಲ್ಲಿ ಚಾಲ್ತಿಯಲ್ಲಿದ್ದ ಹಲವು ಸೆಟ್‌ಗಳು ಉದ್ದುದ್ದ, ತೆಳ್ಳಗೆ, ಮುಟ್ಟಿದರೆ ಬೀಳುವಂಥವು. ಅಗಲ ಬುಡ ಇಟ್ಟು, ಯಾವ ಕಾಯಿ ಯಾವುದು ಅಂತ ದೂರದಿಂದಲೇ ತಿಳಿಯುವ ಹಾಗೆ ಮಾಡಿದ್ದಕ್ಕೇ ಅದು ಗೆದ್ದಿದ್ದು. ಈಗ ಪ್ರಪಂಚಕ್ಕೆಲ್ಲ ಹೋಗುವ ಒಳ್ಳೆಯ ಮರದ ಸ್ಟಾಂಟನ್ ಸೆಟ್‌ಗಳಲ್ಲಿ ಬಹಳಷ್ಟು ನಮ್ಮ ಅಮೃತಸರದಲ್ಲೇ ತಯಾರಾಗುತ್ತವೆ.

ಹಾಗಾಗಿ 40ರಿಂದ 50 ಪರ್ಸೆಂಟ್ ಅನ್ನುವ ಬುಡದ ನಿಯಮವನ್ನು ಚಿಕ್ಕ ಸೆಟ್‌ಗೂ ಹಚ್ಚಿ ನೋಡಿ. 60 ಮಿಲಿಮೀಟರ್ ರಾಜನಿಗೆ ಬುಡ 24ಕ್ಕಿಂತ ಕಡಿಮೆ ಇದ್ದರೆ ಬೇಡ. ತಳದಲ್ಲಿ ತೂಕ ತುಂಬಿ ಫೆಲ್ಟ್ ಬಟ್ಟೆ ಅಂಟಿಸಿದ್ದರೆ ಬಹಳ ಒಳ್ಳೆಯದು. ತೂಕ ಇಲ್ಲದ ಟೊಳ್ಳು ಪ್ಲಾಸ್ಟಿಕ್ ಕಾಯಿಗಳಿದ್ದರೆ ಒಳಗೆ ಒಂದು ಚಿಕ್ಕ ನಟ್ ಇಟ್ಟು ಎಂ-ಸೀಲ್ ತುಂಬಿ, ಕೆಳಗೆ ಫೆಲ್ಟ್ ಅಂಟಿಸಬಹುದು. ಒಂದು ಮಧ್ಯಾಹ್ನದ ಕೆಲಸ, ಮಕ್ಕಳಿಗೂ ಖುಷಿ. ಮ್ಯಾಗ್ನೆಟ್ ಕಾಯಿಗಳಿಗೆ ಈ ಗೋಳಿಲ್ಲ. ಪ್ರಯಾಣಕ್ಕೆ ಅದೇ ಸರಿ, ರೈಲಿನಲ್ಲಿ ಕಿಟಕಿ ಪಕ್ಕ ಕೂತು ಆಡುವವರಿಗೆ 10 ಇಂಚಿನ ಮ್ಯಾಗ್ನೆಟ್ ಬೋರ್ಡಿಗಿಂತ ಬೇರೆ ಸುಖ ಇಲ್ಲ. ಆದರೆ ಆ ಬೋರ್ಡಿಗೆ ಬೇರೆ ಕಡೆಯಿಂದ ಕಾಯಿ ತಂದು ಜೋಡಿಸುವ ಸಾಹಸ ಮಾತ್ರ ಬೇಡ, ಹೊಂದಿಕೊಂಡ ಸೆಟ್ಟನ್ನೇ ಕೊಳ್ಳಿ.

ದುಡ್ಡು ಕೊಡುವ ಮುಂಚೆ ಕಾಗದದ ಮೇಲೆ ಆಡಿ

ಆನ್‌ಲೈನ್‌ನಲ್ಲಿ ಕೊಳ್ಳುವವರಿಗೆ ನಾನು ಬಲವಾಗಿ ಹೇಳುವ ಹೆಜ್ಜೆ ಇದು. ಮಾರುವವರು ಬುಡದ ಅಳತೆ ಹಾಕಿರದಿದ್ದರೆ ಕೇಳಿ. ‘ರಾಜನ ಬುಡ ಎಷ್ಟು ಮಿಲಿಮೀಟರ್, ಸಿಪಾಯಿಯ ಬುಡ ಎಷ್ಟು’, ಎರಡೇ ಪ್ರಶ್ನೆ. ಎತ್ತರ ಮಾತ್ರ ಹೇಳಿ ‘ಎಲ್ಲ ಬೋರ್ಡಿಗೂ ಹೊಂದುತ್ತೆ ಸಾರ್’ ಅಂದರೆ ಮುಂದಿನ ಅಂಗಡಿಗೆ ಹೋಗಿ. ಎಲ್ಲ ಬೋರ್ಡಿಗೂ ಹೊಂದುವ ಕಾಯಿ ಅನ್ನುವುದು ಇಲ್ಲ.

ಅಳತೆ ಸಿಕ್ಕಿತಾ? ಕೈವಾರದಿಂದ ರಟ್ಟಿನ ಮೇಲೆ ಅಷ್ಟಗಲದ ಬಿಲ್ಲೆಗಳನ್ನು ಬರೆದು ಕತ್ತರಿಸಿ. ಮೂವತ್ತೆರಡೂ ಬೇಕಿಲ್ಲ, ಆರೇಳು ಸಾಕು. ಬಿಳಿಯ ರಾಜ ಕೋಟೆ ಕಟ್ಟಿಕೊಂಡ ಮೇಲೆ ಬಲಗಡೆ ಮೂಲೆ ಹೇಗಿರುತ್ತದೆ ಹೇಳಿ? (ಬಿಳಿ ಕಾಯಿಯವರ ಕಡೆಯಿಂದ ನೋಡಿದರೆ ಕಂಬಸಾಲುಗಳಿಗೆ ಎಡದಿಂದ ಬಲಕ್ಕೆ ಎಯಿಂದ ಎಚ್, ಅಡ್ಡಸಾಲುಗಳಿಗೆ ಅವರ ಹತ್ತಿರದಿಂದ 1ರಿಂದ 8 ಅಂತ ಹೆಸರು.) ಜಿ1ರಲ್ಲಿ ರಾಜ, ಎಫ್1ರಲ್ಲಿ ಆನೆ, ಎಫ್2, ಜಿ2, ಎಚ್2ರಲ್ಲಿ ಸಿಪಾಯಿಗಳು, ಎಫ್3ರಲ್ಲಿ ಕುದುರೆ. ಆಟದಲ್ಲಿ ಹೆಚ್ಚು ಗಿಜಿಗುಡುವ ಜಾಗ ಅದು. ಆ ಮೂಲೆಯನ್ನು ನಿಮ್ಮ ಬೋರ್ಡಿನ ಮೇಲೆ ಬಿಲ್ಲೆಗಳಿಂದ ಜೋಡಿಸಿ, ಬಿಲ್ಲೆಯ ಮೇಲೆ ಔಷಧಿ ಬಾಟಲಿಯ ಮುಚ್ಚಳವೋ ಚೆಸ್ ಕಾಯಿಯಷ್ಟು ಎತ್ತರದ ಏನಾದರೊಂದೋ ಇಟ್ಟು, ಜಿ2ರ ಸಿಪಾಯಿಯನ್ನು ಎರಡು ಬೆರಳಲ್ಲಿ ಎತ್ತಿ ನೋಡಿ. ಪಕ್ಕದವರಿಗೆ ತಾಗದೆ ಬಂದರೆ ಆರ್ಡರ್ ಮಾಡಿ. ಮನೆಯಲ್ಲಿ ದಪ್ಪ ಬೆರಳಿನವರು ಯಾರೋ ಅವರ ಕೈಯಲ್ಲೇ ಎತ್ತಿಸಿ. ನಮ್ಮ ಮನೆಯಲ್ಲಿ ಅದು ನಾನೇ.

ಬಣ್ಣದ ಬಗ್ಗೆ ಒಂದೇ ಮಾತು: ಕಂದು ಮನೆಯ ಮೇಲೆ ಅದೇ ಕಂದಿನ ಕಾಯಿ ನಿಲ್ಲಿಸಿದರೆ ಚಿಕ್ಕ ಬೋರ್ಡಿನಲ್ಲಿ ಕಾಣುವುದೇ ಇಲ್ಲ, ಕಪ್ಪು ಕಾಯಿ ತೆಗೆದುಕೊಳ್ಳಿ.

ಈಗಾಗಲೇ ದೊಡ್ಡ ಕಾಯಿ ತಂದುಬಿಟ್ಟಿದ್ದರೆ

ವಾಪಸ್ ಕಳಿಸುವ ಅವಧಿ ಮುಗಿದಿದ್ದರೆ ಕಾಯಿ ಬದಲಿಸಬೇಡಿ, ಬೋರ್ಡ್ ಬದಲಿಸಿ. ಒಳ್ಳೆಯ ಕಾಯಿಗೆ ದುಡ್ಡು ಜಾಸ್ತಿ, ಬೋರ್ಡ್ ಅನ್ನುವುದು ಕೊನೆಗೂ ಅರವತ್ತನಾಲ್ಕು ಚೌಕ. ಚಾರ್ಟ್ ಶೀಟಿನ ಮೇಲೆ ಪೆನ್ಸಿಲ್ಲಿನಿಂದ ಗೆರೆ ಎಳೆದು ಬಣ್ಣ ಹಚ್ಚಿದರೂ ಆಟ ಆಟವೇ. 57ರ ಮನೆ ಅಂದರೆ ಒಟ್ಟು 456 ಮಿಲಿಮೀಟರ್, ದೊಡ್ಡ ಚಾರ್ಟ್ ಶೀಟಿನಲ್ಲಿ ಆರಾಮಾಗಿ ಹಿಡಿಯುತ್ತದೆ. ಎಡಗೈ ಕಡೆ ಮೂಲೆ ಕಪ್ಪು, ಬಲಗೈ ಕಡೆ ಮೂಲೆ ಬಿಳಿ ಬರುವ ಹಾಗೆ ಬಣ್ಣ ಶುರು ಮಾಡಿ. ಅರ್ಧ ಹಚ್ಚಿದ ಮೇಲೆ ಗೊತ್ತಾದರೂ ಹೆದರಬೇಡಿ, ಹಾಳೆಯನ್ನು ಕಾಲು ಸುತ್ತು ತಿರುಗಿಸಿದರೆ ಸರಿಹೋಗುತ್ತದೆ.

ಫ್ಲೆಕ್ಸ್ ಹಾಕುವ ಅಂಗಡಿಯಲ್ಲಿ ಪ್ರಿಂಟ್ ಹಾಕಿಸುವುದಾದರೆ ಹೊಳೆಯದ ಮ್ಯಾಟ್ ಮೆಟೀರಿಯಲ್ ಕೇಳಿ, ಇಲ್ಲವಾದರೆ ಟ್ಯೂಬ್‌ಲೈಟ್ ಬೋರ್ಡಿನಲ್ಲೇ ಉರಿಯುತ್ತದೆ. ಫೈಲಿನ ಜೊತೆ ‘ಒಂದು ಮನೆ 57 ಮಿಲಿಮೀಟರ್, ಒಟ್ಟು 456’ ಅಂತ ಬರೆದುಕೊಡಿ. ಅವರು ಚಂದ ಕಾಣಲಿ ಅಂತ ಹಿಗ್ಗಿಸಿಯೋ ಕುಗ್ಗಿಸಿಯೋ ಬಿಡುತ್ತಾರೆ, ಪಾಪ.

ಜೆರಾಕ್ಸ್ ಅಂಗಡಿಯಲ್ಲೇ ಮುಗಿಸುವ ಆಸೆ ಇದ್ದರೆ ಕಾಗದದ ಅಳತೆ ನೋಡಿಕೊಳ್ಳಿ. ಎ4 ಹಾಳೆಯ ಅಗಲ 210 ಮಿಲಿಮೀಟರ್, ಅಂಚಿಗೆ ಜಾಗ ಬಿಟ್ಟರೆ 24ರ ಮನೆಗಿಂತ ದೊಡ್ಡದು ಬರುವುದಿಲ್ಲ. ಎ3 ಅಗಲ 297, ಅದರಲ್ಲಿ 35ರ ಮನೆ ಹಿಡಿಯುತ್ತದೆ. ಪ್ರಿಂಟ್ ಕೊಡುವಾಗ ‘ಪೇಜಿಗೆ ಹೊಂದಿಸು’ ಅನ್ನುವ ಗುರುತನ್ನು ತೆಗೆಸಿ ನೂರಕ್ಕೆ ನೂರು ಅಳತೆಯಲ್ಲೇ ಹಾಕಿಸಿ, ಬಂದ ಹಾಳೆಯನ್ನು ಅಲ್ಲೇ ಅಳೆದು ನೋಡಿ. ರಟ್ಟಿಗೆ ಅಂಟಿಸಿ ಲ್ಯಾಮಿನೇಶನ್ ಮಾಡಿಸಿದರೆ ಪ್ರಯಾಣದ ಬೋರ್ಡ್ ರೆಡಿ.

ಒಂದೆರಡು ಕಾಯಿ ಮಾತ್ರ ಕಳೆದಿದ್ದು, ಬೇರೆ ಸೆಟ್ಟಿನಿಂದ ಹೊಂದಿಸಬೇಕು ಅನ್ನುವವರು ಇರುತ್ತಾರೆ. ಆಗಲೂ ಬುಡವನ್ನೇ ಹೋಲಿಸಿ. ಬುಡ ಒಂದೇ ಇದ್ದು ಎತ್ತರ ಮೂರ್ನಾಲ್ಕು ಮಿಲಿಮೀಟರ್ ಹೆಚ್ಚುಕಡಿಮೆ ಆದರೆ ಕಣ್ಣು ಬೇಗ ಒಗ್ಗುತ್ತದೆ. ಆದರೆ ಒಂಟೆ ರಾಣಿಗಿಂತ ಎತ್ತರ ಆಗಬಾರದು. ರಾಜ, ರಾಣಿ, ಒಂಟೆ, ಕುದುರೆ, ಆನೆ, ಸಿಪಾಯಿ, ಈ ಕ್ರಮದಲ್ಲಿ ಇಳಿಯುತ್ತಾ ಬರಬೇಕು. ಫಿಡೆಯ ಅಳತೆಯಲ್ಲಿ ಇದು 9.5, 8.5, 7, 6, 5.5, 5 ಸೆಂಟಿಮೀಟರ್. ಆನೆ ಅಂದಾಕ್ಷಣ ಎತ್ತರ ಇರುತ್ತದೆ ಅಂದುಕೊಂಡಿದ್ದ ನನ್ನ ಮಗಳಿಗೆ ಅದು ಕುದುರೆಗಿಂತ ಗಿಡ್ಡ ಅಂತ ತಿಳಿದು ಬಹಳ ಬೇಜಾರಾಯಿತು.

ನಮ್ಮ ಕಥೆ ಏನಾಯಿತು ಅಂದರೆ, ಅಜ್ಜನ ಬೋರ್ಡಿಗೆ 25 ಮಿಲಿಮೀಟರ್ ಬುಡದ, 58 ಎತ್ತರದ ಮರದ ಸೆಟ್ ಸಿಕ್ಕಿತು. 34ಕ್ಕೆ 25 ಅಂದರೆ 73 ಪರ್ಸೆಂಟ್ ಚಿಲ್ಲರೆ. ಡಬ್ಬಿ ಮುಚ್ಚುತ್ತದಾ ಅಂತ ಮಾತ್ರ ನೋಡಿರಲಿಲ್ಲ. ಕುದುರೆಗಳನ್ನು ಒಂದು ರೀತಿಯಲ್ಲಿ ಮಲಗಿಸಿದರೆ ಮುಚ್ಚುತ್ತದೆ, ಇಲ್ಲವಾದರೆ ಇಲ್ಲ. ಆದ್ದರಿಂದ ನಿಮ್ಮದೂ ಡಬ್ಬಿ ಬೋರ್ಡಾದರೆ ಒಳಗಿನ ಆಳವನ್ನೂ ಅಳೆದುಕೊಳ್ಳಿ. ದೊಡ್ಡ ಕಾಯಿಗಳು ಈಗ ಚಾರ್ಟ್ ಶೀಟಿನ ಮೇಲಿವೆ, ಊಟದ ಮೇಜಿನ ಅರ್ಧ ಜಾಗ ಅದರದ್ದೇ.